ಹಿಂದಿನ ಸೀಟಿನಿಂದ ಏನು ಕಾಣುತ್ತದೆ

ರಾಬರ್ಟ್ ಪಿರ್ಸಿಗ್‌ನ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಪುಸ್ತಕವನ್ನು ನಾನು ಮೂರು ಸಲ ಓದಿದ್ದೇನೆ. ಮೊದಲ ಸಲ ಎಂ.ಎ. ಓದುವಾಗ, ಶಂಕರಘಟ್ಟದ ಹಾಸ್ಟೆಲಿನಲ್ಲಿ. ಸೀನಿಯರ್ ಒಬ್ಬರು ‘ಇದು ಫಿಲಾಸಫಿ, ಬೈಕ್ ಪುಸ್ತಕ ಅಂದ್ಕೊಂಡು ಓದಬೇಡ’ ಎಂದು ಎಚ್ಚರಿಸಿ ಕೊಟ್ಟಿದ್ದರು. ಎರಡನೆಯ ಸಲ ಪಿಎಚ್.ಡಿ.ಗೆ ವಿಷಯ ಹುಡುಕುವಾಗ. ಕನ್ನಡ ಕಥನಗಳಲ್ಲಿ ವಾಹನ ಎಂಬ ನನ್ನ ವಿಷಯ ಕೇಳಿ ಹಿರಿಯರೊಬ್ಬರು, ‘ಪ್ರಬಂಧ ಯಾರಿಗೆ ಸಲ್ಲಿಸ್ತೀಯಮ್ಮ, ವಿಶ್ವವಿದ್ಯಾಲಯಕ್ಕೋ ಆರ್‌ಟಿಓ ಆಫೀಸಿಗೋ’ ಎಂದು ನಕ್ಕಿದ್ದರು. ಮೂರನೆಯ ಸಲ ಓದಿದ್ದು ಹೋದ ಮಳೆಗಾಲ, ಮಲವಗೊಪ್ಪದ ನಮ್ಮ ಮನೆಯಲ್ಲಿ. ಹಿತ್ತಿಲಿನ ತಗಡಿನ ಕೆಳಗೆ ನಿಂತಿರುವ ಅಪ್ಪನ ಯೆಜ್ಡಿ ಕಾಣುವ ಕಿಟಕಿಯ ಪಕ್ಕ ಕೂತು ಓದಿದಾಗ ಅದು ಮೊದಲೆರಡು ಸಲ ಓದಿದ ಪುಸ್ತಕವೇ ಆಗಿರಲಿಲ್ಲ.

ಓದದವರಿಗಾಗಿ ಎರಡು ಮಾತು. 1968ರ ಬೇಸಿಗೆಯಲ್ಲಿ ಪಿರ್ಸಿಗ್ ತನ್ನ ಹನ್ನೊಂದು ವರ್ಷದ ಮಗ ಕ್ರಿಸ್‌ನನ್ನು ಹಿಂದೆ ಕೂರಿಸಿಕೊಂಡು ಅಮೆರಿಕದ ಮಿನೆಸೋಟದಿಂದ ಕ್ಯಾಲಿಫೋರ್ನಿಯಾದವರೆಗೆ ಹೋಂಡಾ ಮೋಟಾರ್ ಸೈಕಲ್ಲಿನಲ್ಲಿ ಹೋದ. ಅರ್ಧ ದಾರಿಯವರೆಗೆ ಜಾನ್ ಮತ್ತು ಸಿಲ್ವಿಯಾ ಎಂಬ ಸ್ನೇಹಿತ ದಂಪತಿ ತಮ್ಮ ಬಿಎಂಡಬ್ಲ್ಯೂ ಬೈಕಿನಲ್ಲಿ ಜೊತೆಗಿದ್ದರು. ಆ ಪ್ರಯಾಣದ ಮೇಲೆ ಕಟ್ಟಿದ ಪುಸ್ತಕ 121 ಪ್ರಕಾಶಕರಿಂದ ತಿರಸ್ಕೃತವಾಗಿ ಕೊನೆಗೆ 1974ರಲ್ಲಿ ಬಂತು, ಲಕ್ಷಾಂತರ ಪ್ರತಿ ಮಾರಾಟವಾಯಿತು. ಅದರಲ್ಲಿ ಗುಣಮಟ್ಟ ಎಂದರೇನು ಎಂಬ ದೀರ್ಘ ಜಿಜ್ಞಾಸೆಯಿದೆ, ಗ್ರೀಕ್ ತತ್ತ್ವಜ್ಞಾನದೊಡನೆ ಜಗಳವಿದೆ, ವಿದ್ಯುತ್ ಆಘಾತದ ಚಿಕಿತ್ಸೆಯಿಂದ ಅಳಿಸಿಹೋದ ತನ್ನದೇ ಹಿಂದಿನ ವ್ಯಕ್ತಿತ್ವವನ್ನು ಒಬ್ಬ ಮನುಷ್ಯ ಬೇರೆ ಯಾರನ್ನೋ ಎಂಬಂತೆ ಹುಡುಕುವ ಕಥೆಯಿದೆ. ಇಷ್ಟೂ ನಡೆಯುವಾಗ ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗ ಕೂತಿದ್ದಾನೆ.

ಮೊದಲ ಓದಿನಲ್ಲಿ ನನಗೆ ಆ ಹುಡುಗ ಕಂಡಿರಲೇ ಇಲ್ಲ. ನನಗೆ ಕಂಡದ್ದು ಅಪ್ಪ, ಎಂದರೆ ನನ್ನ ಅಪ್ಪ. ಪುಸ್ತಕದ ಪ್ರಸಿದ್ಧ ಪ್ರಸಂಗವೊಂದರಲ್ಲಿ ಜಾನ್‌ನ ದುಬಾರಿ ಬೈಕಿನ ಹ್ಯಾಂಡಲ್ ಸಡಿಲವಾಗಿರುತ್ತದೆ. ಬಿಯರ್ ಡಬ್ಬಿಯ ತಗಡನ್ನು ಕತ್ತರಿಸಿ ಸಂದಿಗೆ ಕೊಟ್ಟರೆ ಸರಿಹೋಗುತ್ತದೆ ಎಂದು ನಿರೂಪಕ ಹೇಳುತ್ತಾನೆ, ಜಾನ್‌ಗೆ ಅವಮಾನವಾಗುತ್ತದೆ. ನಾನು ಓದುತ್ತ ಜೋರಾಗಿ ನಕ್ಕಿದ್ದೆ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪೊಂದರಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಇಂಥ ರಿಪೇರಿಯ ಮಹಾಪಂಡಿತ. ಸೈಕಲ್ ಟ್ಯೂಬಿನ ತುಂಡು, ಹಳೇ ಎಕ್ಸ್‌ರೇ ಹಾಳೆ, ಅಮ್ಮನ ಸೇಫ್ಟಿ ಪಿನ್ ಎಲ್ಲವೂ ಒಂದಲ್ಲ ಒಂದು ಕಾಲದಲ್ಲಿ ನಮ್ಮ ಯೆಜ್ಡಿಯ ಭಾಗವಾಗಿದ್ದವು.

ಯೆಜ್ಡಿಯ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಚೆಕ್ ಮೂಲದ ಜಾವಾ ತಯಾರಾಗುತ್ತಿತ್ತು, 1973ರ ಹೊತ್ತಿಗೆ ಹೆಸರು ಯೆಜ್ಡಿ ಎಂದಾಯಿತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಎರಡು ಸೈಲೆನ್ಸರ್, ಟೂ-ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಇದರ ವಿಶೇಷವೆಂದರೆ ಕಿಕ್ ಮತ್ತು ಗೇರಿಗೆ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದು ಕಿಕ್ಕರ್, ಎಂಜಿನ್ ಹೊತ್ತಿಕೊಂಡ ಮೇಲೆ ಅದೇ ಗೇರ್. ಗೊತ್ತಿಲ್ಲದವನು ಬೈಕ್ ಕದ್ದರೂ ಒಯ್ಯಲಾರ ಎನ್ನುವುದು ಅಪ್ಪನ ಹೆಮ್ಮೆ. ಇನ್ನೊಂದು ವಿಶೇಷ, ಕ್ಲಚ್ ಹಿಡಿಯದೆಯೂ ಇದರಲ್ಲಿ ಗೇರ್ ಬದಲಿಸಬಹುದು. ಆದರೆ ಹಾಗೆ ಬದಲಿಸುವವರನ್ನು ಅಪ್ಪ ಊಟದ ಎಲೆಯಲ್ಲಿ ಕೈ ತೊಳೆಯುವವರ ಸಾಲಿಗೆ ಸೇರಿಸಿದ್ದರು.

ಎರಡನೇ ಓದಿನಲ್ಲಿ ಕ್ರಿಸ್ ಕಂಡ. ಇಷ್ಟವಾಗಲಿಲ್ಲ. ಹೊಟ್ಟೆನೋವು ಎನ್ನುತ್ತಾನೆ, ಅಳುತ್ತಾನೆ, ಬೆಟ್ಟ ಹತ್ತಲಾರೆ ಎಂದು ಕೂತುಬಿಡುತ್ತಾನೆ. ನಿರೂಪಕನ ಅಸಹನೆ ಓದುಗರಿಗೂ ಅಂಟಿಕೊಳ್ಳುತ್ತದೆ. ಇಷ್ಟು ದೊಡ್ಡ ವಿಚಾರ ನಡೆಯುತ್ತಿರುವಾಗ ಈ ಹುಡುಗನ ರಗಳೆ ಏನು ಎನಿಸುತ್ತದೆ. ಮೂರನೇ ಓದಿಗೆ ಅರ್ಥವಾಯಿತು, ಅದು ಪುಸ್ತಕ ನಮಗೆ ಒಡ್ಡುವ ಬಲೆ. 1999ರ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಪಿರ್ಸಿಗ್‌ನೇ ತನ್ನ ನಿರೂಪಕ ನಂಬಲರ್ಹನಲ್ಲ ಎಂದು ಹೇಳಿದ್ದಾನೆ, ಹೆನ್ರಿ ಜೇಮ್ಸ್‌ನ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಕಥೆಯನ್ನು ಹೋಲಿಕೆಗೆ ತಂದಿದ್ದಾನೆ. ಹಾಗಿದ್ದ ಮೇಲೆ ಮಗನ ರಗಳೆಯ ವರದಿಯನ್ನೂ ನಾವು ಅನುಮಾನದಿಂದಲೇ ನೋಡಬೇಕು. ನನ್ನ ಮಟ್ಟಿಗೆ ಆ ಪುಸ್ತಕದ ನಿಜವಾದ ವಸ್ತು ಗುಣಮಟ್ಟದ ತತ್ತ್ವಜ್ಞಾನ ಅಲ್ಲ. ತಾನು ಪ್ರೀತಿಸುವ ಯಂತ್ರದ ಮೇಲೆ ಮಗನನ್ನು ಕೂರಿಸಿಕೊಂಡು ಹೋದರೆ ತನ್ನ ಪ್ರೀತಿ ತಾನೇ ಮಗನಿಗೆ ದಾಟುತ್ತದೆ ಎಂದು ನಂಬಿದ ಅಪ್ಪನೊಬ್ಬನ ತಪ್ಪು ಲೆಕ್ಕ ಅದರ ವಸ್ತು.

ಆ ಲೆಕ್ಕ ತಪ್ಪು ಎಂದು ಗೊತ್ತಾಗುವುದು ಕೊನೆಯ ಕೆಲವು ಪುಟಗಳಲ್ಲಿ. ಸಮುದ್ರದ ಪಕ್ಕದ ದಾರಿ. ಇಬ್ಬರೂ ಮನಸ್ಸಿನ ಕಟ್ಟೆ ಒಡೆದುಕೊಂಡು ಅತ್ತಾಗಿದೆ. ಆಸ್ಪತ್ರೆಯಲ್ಲಿದ್ದಾಗ ಅಪ್ಪ ನಿಜಕ್ಕೂ ಹುಚ್ಚನಾಗಿದ್ದನೇ ಎಂದು ಮಗ ಕೇಳಿಯಾಗಿದೆ, ಇಲ್ಲ ಎಂಬ ಉತ್ತರ ಸಿಕ್ಕಿದೆ. ಹೆಲ್ಮೆಟ್ ತೆಗೆದಿಟ್ಟು ಮತ್ತೆ ಹೊರಡುತ್ತಾರೆ (ಇದನ್ನು ನಾನು ಶಿಫಾರಸು ಮಾಡುತ್ತಿಲ್ಲ). ಆಗ ಕ್ರಿಸ್ ಕಾಲೂರುವ ಕಡ್ಡಿಗಳ ಮೇಲೆ ಎದ್ದು ನಿಂತು ಅಪ್ಪನ ಹೆಗಲ ಮೇಲಿನಿಂದ ಮುಂದೆ ನೋಡುತ್ತಾನೆ, ಈಗ ಎಲ್ಲವೂ ಬೇರೆಯೇ ಕಾಣುತ್ತಿದೆ ಎನ್ನುತ್ತಾನೆ. ಇಷ್ಟು ದಿನ ಅವನಿಗೆ ಕಂಡದ್ದು ಅಪ್ಪನ ಬೆನ್ನು ಮಾತ್ರ. ಸಾವಿರಾರು ಮೈಲಿಯ ಬಯಲು, ಬೆಟ್ಟ, ಮಳೆಯೆಲ್ಲವನ್ನೂ ಅಪ್ಪ ವರ್ಣಿಸುತ್ತ ಬಂದಿದ್ದಾನೆ. ಮಗ ನೋಡುತ್ತಿದ್ದದ್ದು ಒಂದು ಜಾಕೆಟ್ಟನ್ನು. ಪುಸ್ತಕದ ಉದ್ದಕ್ಕೂ ನಾವು ಓದಿದ ಭೂದೃಶ್ಯವೆಲ್ಲ ಮುಂದಿನ ಸೀಟಿನದು ಎಂದು ತಿಳಿದಾಗ ಹಿಂದಿನ ಅಧ್ಯಾಯಗಳೆಲ್ಲ ಅಲುಗಾಡಿಬಿಡುತ್ತವೆ.

ಮೋಟಾರ್ ಸೈಕಲ್ ಮನೆ ಬಿಟ್ಟು ಹೋಗುವವರ ವಾಹನ. ಚೆ ಗುವಾರನ 1952ರ ನಾರ್ಟನ್ ಯಾತ್ರೆಯಿಂದ ಹಿಡಿದು ಇವತ್ತಿನ ಲಡಾಖ್ ವಿಡಿಯೋಗಳವರೆಗೆ ಈ ಪ್ರಕಾರದ ಮೂಲ ವಾಕ್ಯವೇ ‘ಹೊರಟೆ’. ಅಪ್ಪ ಅಮ್ಮ ಇದರಲ್ಲಿ ಬಾಗಿಲಲ್ಲಿ ನಿಂತು ಕೈ ಬೀಸುವವರು, ಅಥವಾ ಬೇಡ ಎನ್ನುವವರು. ಪಿರ್ಸಿಗ್ ಮನೆಯನ್ನೇ ಹಿಂದಿನ ಸೀಟಿಗೆ ಕಟ್ಟಿಕೊಂಡು ಹೊರಟ, ಅದಕ್ಕೇ ಅವನ ಪುಸ್ತಕ ಬೇರೆ.

ನಮ್ಮಲ್ಲಿ? ಮಲೆನಾಡಿನ ಕಥನಕ್ಕೆ ಎರಡು ಚಕ್ರದ ಯಂತ್ರ ಬಂದದ್ದೇ ಅಪ್ಪ ಮಕ್ಕಳ ಜಗಳವಾಗಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಬೈಸಿಕಲ್ಲನ್ನು ನೆನೆಸಿಕೊಳ್ಳಿ. ಹಳ್ಳಿಗರ ಬಾಯಲ್ಲಿ ‘ಬೀಸೇಕಲ್ಲು’ ಆಗುವ ಅದು ಪಾದ್ರಿಯ ಜೊತೆಗೆ ಬರುತ್ತದೆ, ಬೆಟ್ಟಳ್ಳಿಯ ದೇವಯ್ಯನನ್ನು ಸೆಳೆಯುತ್ತದೆ. ಅವನ ತಂದೆ ಕಲ್ಲಯ್ಯಗೌಡರಿಗೆ ಅದು ಬರಿಯ ಸವಾರಿಯಲ್ಲ, ಮಗ ಕುಲದಿಂದ ಜಾರಿಹೋಗುವ ಇಳಿಜಾರು. ನಾವು ಈ ಪ್ರಸಂಗವನ್ನು ಹಾಸ್ಯವೆಂದು ಓದುತ್ತೇವೆ, ಹಾಸ್ಯ ಇದೆ ಕೂಡ. ಆದರೆ ಚಕ್ರ ಮಗನದು, ಭಯ ಅಪ್ಪನದು ಎಂಬ ಹಂಚಿಕೆ ಅಲ್ಲೇ ಸ್ಥಿರವಾಯಿತೋ ಏನೋ. ತೇಜಸ್ವಿಯವರ ಸ್ಕೂಟರ್ ಕನ್ನಡ ಓದುಗರಿಗೆ ಅವರ ಕ್ಯಾಮೆರಾದಷ್ಟೇ, ಗಾಳದಷ್ಟೇ ಪರಿಚಿತ. ಅದೂ ಕಾಡಿಗೆ, ಕೆರೆಗೆ ಹೊರಡುವವನ ವಾಹನ. ಅಪ್ಪನೇ ಮಕ್ಕಳಿಗೆ ಹ್ಯಾಂಡಲ್ ಕೊಡುವ ಗಳಿಗೆಯನ್ನು ಹುಡುಕುತ್ತ ನಾನು ಎರಡು ವರ್ಷ ಕಳೆದಿದ್ದೇನೆ. ನನ್ನ ಕಾರ್ಡುಗಳಲ್ಲಿ ಆ ತಲೆಬರಹದ ಕಟ್ಟು ಬಹಳ ತೆಳ್ಳಗಿದೆ.

ಇದರ ಅತಿ ಹತ್ತಿರಕ್ಕೆ ಬರುವುದು ಒಂದು ಸಿನಿಮಾ, ಅಲ್ಲಿ ಮಗು ನಾಯಿ. ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶಿಸಿದ ‘777 ಚಾರ್ಲಿ’ (2022). ಬಾಲ್ಯದಲ್ಲೇ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡ ಧರ್ಮ, ಕಾಯಿಲೆಬಿದ್ದ ಚಾರ್ಲಿಗೆ ಹಿಮ ತೋರಿಸಲೆಂದು ಮೈಸೂರಿನಿಂದ ಬೈಕಿನಲ್ಲಿ ಉತ್ತರಕ್ಕೆ ಹೊರಡುತ್ತಾನೆ. ಸಿನಿಮಾ ಉದ್ದವಾಯಿತು, ಅಳಿಸುವುದರಲ್ಲಿ ಸಂಕೋಚವೇ ಇಲ್ಲ, ದ್ವಿತೀಯಾರ್ಧದಲ್ಲಿ ಊರೂರಿಗೂ ಒಂದು ಸದ್ಗುಣ ಎದುರಾಗುತ್ತದೆ. ಇದೆಲ್ಲ ಇದ್ದರೂ ಒಂದು ವಿಷಯವನ್ನು ಅದು ಪಿರ್ಸಿಗ್‌ಗಿಂತ ಸರಿಯಾಗಿ ಕಂಡಿದೆ. ಚಾರ್ಲಿ ಕೂರುವುದು ಸೈಡ್‌ಕಾರಿನಲ್ಲಿ. ಬೈಕಿನ ಪಕ್ಕಕ್ಕೆ ಜೋಡಿಸಿದ ಆ ತೊಟ್ಟಿಲಲ್ಲಿ ಕೂತವರ ಮುಂದೆ ಯಾರ ಬೆನ್ನೂ ಇಲ್ಲ. ಸವಾರನಿಗೆ ಕಾಣುವ ರಸ್ತೆಯೇ ಅದಕ್ಕೂ ಕಾಣುತ್ತದೆ, ಸವಾರನ ಮುಖವೂ ಕಾಣುತ್ತದೆ. ಈ ಪ್ರಯಾಣ ಯಾರಿಗಾಗಿ ಎಂಬ ಪ್ರಶ್ನೆಗೆ ಆ ಒಂದು ಚೌಕಟ್ಟಿನಲ್ಲೇ ಉತ್ತರವಿದೆ, ಸಂಭಾಷಣೆಯ ಅಗತ್ಯವಿರಲಿಲ್ಲ. (ಸಂಭಾಷಣೆ ಇದೆ.) ನಾಯಿಯಾದ್ದರಿಂದ ಇನ್ನೊಂದು ಅನುಕೂಲವೂ ಇತ್ತು. ಅದು ಹದಿನಾರಕ್ಕೆ ಕಾಲಿಟ್ಟು ಕೀ ಕೇಳುವುದಿಲ್ಲ.

ಕೀ ಕೇಳುವ ಗಳಿಗೆಯೇ ಕಷ್ಟದ್ದು. ನಮ್ಮ ಮನೆಗೆ ಅದು 2011ರಲ್ಲಿ ಬಂತು.

ಅದಕ್ಕೂ ಮೊದಲು ಎರಡು ವರ್ಷ, ಭಾನುವಾರ ಬೆಳಿಗ್ಗೆ ಅಪ್ಪ ನನ್ನನ್ನೂ ಅಣ್ಣನನ್ನೂ ಯೆಜ್ಡಿಯಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದರು. ಒಮ್ಮೊಮ್ಮೆ ಗಾಜನೂರಿನ ಅಣೆಕಟ್ಟೆ, ಒಮ್ಮೊಮ್ಮೆ ಲಕ್ಕವಳ್ಳಿಯ ಭದ್ರಾ ಡ್ಯಾಂ. ಮೂವರು ಒಂದು ಬೈಕಿನಲ್ಲಿ, ಅದೂ ತಪ್ಪೇ. ಅಣ್ಣ ಮಧ್ಯ, ನಾನು ಕೊನೆಗೆ. ನನಗೆ ಅಪ್ಪನ ಬೆನ್ನೂ ಕಾಣುತ್ತಿರಲಿಲ್ಲ, ಅಣ್ಣನದು ಕಾಣುತ್ತಿತ್ತು. ವಾಪಸ್ ಬಂದ ಮೇಲೆ ಹಿತ್ತಿಲಲ್ಲಿ ಪಾಠ. ಮೊದಲ ಆರು ತಿಂಗಳು ಅಪ್ಪ ಓಡಿಸಲು ಬಿಡಲಿಲ್ಲ. ಪ್ಲಗ್ ಬಿಚ್ಚು, ಮಸಿ ಒರೆಸು, ಚೈನಿಗೆ ಎಣ್ಣೆ ಬಿಡು, ಕಾರ್ಬ್ಯುರೇಟರ್ ತೊಳೆ. ಯಂತ್ರದ ಹೊಟ್ಟೆ ನೋಡದವನಿಗೆ ಬೆನ್ನ ಮೇಲೆ ಕೂರುವ ಹಕ್ಕಿಲ್ಲ ಎನ್ನುವುದು ಅವರ ಸಿದ್ಧಾಂತ. ಪಿರ್ಸಿಗ್ ಓದಿರದ ಪಿರ್ಸಿಗ್. ಹಿತ್ತಿಲಿನ ಈ ಪಾಠದಲ್ಲಿ ನಾನು ಅಣ್ಣನಿಗಿಂತ ಮುಂದಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ, ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣ ಹೇಳುತ್ತಿದ್ದೆ. ಆದರೆ ಊರಾಚೆಯ ಖಾಲಿ ಬಯಲಿನಲ್ಲಿ ಓಡಿಸುವ ಪಾಠ ಶುರುವಾದಾಗ ಅಣ್ಣನಿಗೆ ಹ್ಯಾಂಡಲ್ ಸಿಕ್ಕಿತು, ನನಗೆ ಹೆಲ್ಮೆಟ್ ಹಿಡಿದುಕೊಳ್ಳುವ ಕೆಲಸ. ಯಾರೂ ಬೇಡ ಎನ್ನಲಿಲ್ಲ. ನಾನು ಕೇಳಲಿಲ್ಲ, ಅವರು ಕೊಡಲಿಲ್ಲ, ಅಷ್ಟೆ.

ಅಣ್ಣನಿಗೆ ಆಗ ಹದಿನಾರು. ಒಂದು ಮಧ್ಯಾಹ್ನ ಅಪ್ಪ ಮಲಗಿದ್ದಾಗ ಕೀ ತೆಗೆದುಕೊಂಡು ಬಿ.ಎಚ್. ರಸ್ತೆಗೆ ಇಳಿದ. ಶಿವಮೊಗ್ಗ ಭದ್ರಾವತಿ ನಡುವಿನ ಆ ರಸ್ತೆ ಗೊತ್ತಿರುವವರಿಗೆ ಹೆಚ್ಚು ಹೇಳಬೇಕಿಲ್ಲ, ಬಸ್ಸು, ಲಾರಿ, ಎಲ್ಲದಕ್ಕೂ ಅವಸರ. ಯಾರೂ ಅವನಿಗೆ ಗುದ್ದಲಿಲ್ಲ. ಎದುರಿಗೆ ಬಂದ ಲಾರಿಗೆ ಹೆದರಿ ಮಣ್ಣಿಗಿಳಿಸಿ ಬಿದ್ದ. ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು, ಇವತ್ತಿಗೂ ರಾಡ್ ಇದೆ. ಅಪ್ಪ ಆಸ್ಪತ್ರೆಯಲ್ಲಿ ಅವನಿಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅಣ್ಣ ಒಮ್ಮೆ ಹೇಳಿದ್ದಾನೆ. ಅಪ್ಪ ಯೆಜ್ಡಿಯನ್ನು ರಿಪೇರಿ ಮಾಡಿ, ಒರೆಸಿ, ತಗಡಿನ ಕೆಳಗೆ ನಿಲ್ಲಿಸಿದರು. ಅದಾದ ಮೇಲೆ ಹನ್ನೆರಡು ವರ್ಷ ಬಸ್ಸಿನಲ್ಲಿ ಕೆಲಸಕ್ಕೆ ಹೋದರು.

ಈಗ ಅಪ್ರಾಪ್ತರ ಕೈಗೆ ವಾಹನ ಕೊಟ್ಟ ಪೋಷಕರಿಗೆ ಕಾನೂನು ಕಠಿಣವಾಗಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಶಿವಮೊಗ್ಗದ ಪತ್ರಿಕೆಗಳಲ್ಲಿ ಇಂಥ ದಂಡದ ಸುದ್ದಿ ಆಗಾಗ ಕಾಣುತ್ತದೆ. ಕಾನೂನಿನ ಬಗ್ಗೆ ನನ್ನ ತಕರಾರಿಲ್ಲ, ರಾಡ್ ಇರುವ ಕಾಲು ನಮ್ಮ ಮನೆಯದು. ತಕರಾರು ಇರುವುದು ಸುದ್ದಿಯ ಭಾಷೆಯ ಬಗ್ಗೆ. ಅದರಲ್ಲಿ ಪೋಷಕರಿಗೆ ಇರುವುದು ಎರಡೇ ಪಾತ್ರ. ಮಗು ಬಿದ್ದರೆ ‘ಬೇಜವಾಬ್ದಾರಿ ಪೋಷಕರು’, ಗೆದ್ದರೆ ‘ಮಗುವಿನ ಕನಸಿಗೆ ನೀರೆರೆದವರು’.

ಬೆಂಗಳೂರಿನ ಶ್ರೇಯಸ್ ಹರೀಶ್ ಎಂಬ ಬಾಲಕನ ಬಗ್ಗೆ ಬಂದ ಬರಹಗಳನ್ನು ಜೋಡಿಸಿಟ್ಟು ಓದಿದರೆ ಇದು ಸ್ಪಷ್ಟವಾಗುತ್ತದೆ. ಪುಟ್ಟ ಬೈಕುಗಳ ಮಿನಿಜಿಪಿ ರೇಸುಗಳಲ್ಲಿ ಗೆದ್ದು ಹೆಸರಾಗಿದ್ದ ಹುಡುಗ. 2023ರ ಜುಲೈನಲ್ಲಿ 13 ತುಂಬಿತ್ತು. ಆಗಸ್ಟ್ 5ರಂದು ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ರೇಸಿನಲ್ಲಿ ಬಿದ್ದು ತೀರಿಕೊಂಡ. ಆ ವಾರಾಂತ್ಯದ ಉಳಿದ ರೇಸುಗಳನ್ನು ಆಯೋಜಕರು ರದ್ದುಮಾಡಿದರು. ಮೊದಲಿನ ಬರಹಗಳಲ್ಲಿ ಅವನೊಂದು ಬಾಲಪ್ರತಿಭೆ, ಆಮೇಲಿನ ಚರ್ಚೆಗಳಲ್ಲಿ ಒಂದು ಎಚ್ಚರಿಕೆ. ಎರಡರಲ್ಲೂ ಅವನು ಯಾರದೋ ವಾದಕ್ಕೆ ಉದಾಹರಣೆ. ರೇಸ್ ಟ್ರ್ಯಾಕ್ ಬೇರೆ, ಬಿ.ಎಚ್. ರಸ್ತೆ ಬೇರೆ ಎಂದು ನನಗೆ ಗೊತ್ತು. ಅಲ್ಲಿ ಲೈಸೆನ್ಸು, ತರಬೇತಿ, ಆಂಬುಲೆನ್ಸು ಎಲ್ಲ ಇರುತ್ತವೆ. ನಾನು ಕೇಳುತ್ತಿರುವುದು ಇಷ್ಟೇ: ತನಗೆ ಪ್ರಾಣಪ್ರಿಯವಾದದ್ದನ್ನು ಮಗುವಿಗೆ ಕಲಿಸುವವರು ಅಪಾಯವನ್ನೂ ಜೊತೆಗೇ ಕಲಿಸುತ್ತಿರುತ್ತಾರೆ, ಅದು ಅವರಿಗೆ ಗೊತ್ತೂ ಇರುತ್ತದೆ. ಈ ಗೊತ್ತಿರುವಿಕೆಯನ್ನು ಹೇಳಬಲ್ಲ ಗದ್ಯ ನಮ್ಮಲ್ಲಿ ಎಲ್ಲಿದೆ?

ಪಿರ್ಸಿಗ್ ಬರೆದದ್ದು ಆ ಗದ್ಯ ಎಂದು ಹೇಳಲು ಆಸೆಯಾಗುತ್ತದೆ. ಆದರೆ ಪ್ರಯಾಣದ ಪುಸ್ತಕದಲ್ಲಿ ಅದು ಇಲ್ಲ, ಆಮೇಲೆ ಸೇರಿಸಿದ ಹಿನ್ನುಡಿಯಲ್ಲಿದೆ. ಕ್ರಿಸ್ ಬೈಕಿನಿಂದ ಬಿದ್ದು ಸಾಯಲಿಲ್ಲ. 1979ರ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ತಾನಿದ್ದ ಝೆನ್ ಕೇಂದ್ರದ ಹೊರಗೆ ದರೋಡೆಕೋರರ ಚೂರಿಗೆ ಬಲಿಯಾದ, ಇಪ್ಪತ್ತಮೂರು ತುಂಬಲು ಎರಡು ವಾರವಿತ್ತು. ಹಿನ್ನುಡಿಯಲ್ಲಿ ಅಪ್ಪ ಕೇಳಿಕೊಳ್ಳುವ ಪ್ರಶ್ನೆ ವಿಚಿತ್ರವಾದದ್ದು: ಕ್ರಿಸ್ ಎಲ್ಲಿಗೆ ಹೋದ? ದೇಹದ ಬಗೆಗಿನ ಪ್ರಶ್ನೆಯಲ್ಲ ಅದು. ತಾನು ಮಗ ಎಂದು ಕರೆಯುತ್ತಿದ್ದ ಆ ಹೆಣಿಗೆ, ಆ ಸಂಬಂಧಗಳ ವಿನ್ಯಾಸ ಎಲ್ಲಿದೆ ಎಂದು ಹುಡುಕುತ್ತಾನೆ. ತತ್ತ್ವಜ್ಞಾನಿಯ ಹಟ ಇಲ್ಲೂ ಬಿಟ್ಟಿಲ್ಲ ಎಂದು ಮೊದಲು ಸಿಟ್ಟು ಬಂದಿತ್ತು. ಈಗ ಹಾಗನ್ನಿಸುವುದಿಲ್ಲ. ಅಪ್ಪನಿಗೆ ಗೊತ್ತಿದ್ದ ಉಪಕರಣ ಅದೊಂದೇ, ನನ್ನ ಅಪ್ಪನಿಗೆ ಸ್ಪ್ಯಾನರ್ ಹೇಗೋ ಹಾಗೆ. ಪ್ರತಿ ತಿಂಗಳ ಒಂದನೇ ತಾರೀಕು ಅವರು ಓಡದ ಯೆಜ್ಡಿಯ ಪ್ಲಗ್ ಬಿಚ್ಚಿ ಒರೆಸಿ ಮತ್ತೆ ಹಾಕುತ್ತಿದ್ದರು. ಹನ್ನೆರಡು ವರ್ಷ.

ಹೆಣ್ಣುಮಕ್ಕಳ ಮಾತು ಇನ್ನೂ ಬಂದಿಲ್ಲ ಎಂದು ಓದುಗರು ಗಮನಿಸಿರಬಹುದು. ಪಿರ್ಸಿಗ್‌ನ ಪುಸ್ತಕದಲ್ಲಿ ಸಿಲ್ವಿಯಾ ಹಿಂದಿನ ಸೀಟಿನವಳು. ದೇವಯ್ಯನ ಬೈಸಿಕಲ್ಲಿಗೆ ಹೆಂಗಸರು ಪ್ರೇಕ್ಷಕರು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾಸ್ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದಾಗ ನಾನು ಆ ಸುದ್ದಿಯನ್ನು ಅಪ್ಪನಿಗೆ ಓದಿ ಹೇಳಿದ್ದೆ. ಅವರು ಕೇಳಿದ್ದು ಯಾವ ಬೈಕು, ಎಷ್ಟು ಸಿಸಿ. ನಾನು ಕೊನೆಗೆ ಬೈಕ್ ಕಲಿತದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಶಂಕರಘಟ್ಟದ ಕ್ಯಾಂಪಸ್ಸಿನ ಖಾಲಿ ರಸ್ತೆಗಳಲ್ಲಿ, ಗೆಳತಿಯೊಬ್ಬಳ ಬೈಕಿನಲ್ಲಿ. ಲೈಸೆನ್ಸ್ ತೋರಿಸಿದಾಗ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಫೋಟೋ ಚೆನ್ನಾಗಿಲ್ಲ’ ಎಂದರು.

ಮೂರನೇ ಓದು ಮುಗಿದ ವಾರ ಮಳೆ ಒಂದು ದಿನ ಬಿಡುವು ಕೊಟ್ಟಿತು. ಅಪ್ಪ ಹಿತ್ತಿಲಿಗೆ ಹೋಗಿ ಹೊಸ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿದರು. ಏಳನೆಯದೋ ಎಂಟನೆಯದೋ ಕಿಕ್ಕಿಗೆ ಯೆಜ್ಡಿ ಹೊತ್ತಿಕೊಂಡಿತು, ಇಡೀ ಹಿತ್ತಿಲು ನೀಲಿ ಹೊಗೆ. ಅಮ್ಮ ಅಡುಗೆಮನೆಯ ಕಿಟಕಿ ಮುಚ್ಚಿದರು. ಅಪ್ಪ ಇಳಿದು ಹ್ಯಾಂಡಲ್ ನನ್ನ ಕೈಗೆ ಕೊಟ್ಟು ಹಿಂದೆ ಕೂತರು.

ಬಿ.ಎಚ್. ರಸ್ತೆಯಲ್ಲಿ ಮಾಚೇನಹಳ್ಳಿಯವರೆಗೆ ಹೋಗಿ ತಿರುಗಿಸಿದೆವು. ಬೈಕಿನ ಮೇಲೆ ಮಾತು ಸಾಗುವುದಿಲ್ಲ ಎಂದು ಪಿರ್ಸಿಗ್ ಹೇಳುತ್ತಾನಲ್ಲ, ಅಪ್ಪ ಮಾತ್ರ ದಾರಿಯುದ್ದಕ್ಕೂ ಹಿಂದಿನಿಂದ ಏನೋ ಹೇಳುತ್ತಲೇ ಇದ್ದರು. ಗಾಳಿಗೆ, ಹೆಲ್ಮೆಟ್ಟಿಗೆ, ಎರಡು ಸೈಲೆನ್ಸರಿನ ಸದ್ದಿಗೆ ನನಗೊಂದು ಅಕ್ಷರವೂ ಕೇಳಿಸಲಿಲ್ಲ. ಮನೆ ಮುಂದೆ ನಿಲ್ಲಿಸಿ, ಏನು ಹೇಳುತ್ತಿದ್ದಿರಿ ಎಂದು ಕೇಳಿದೆ.

‘ಕ್ಲಚ್ ಹಿಡೀದೆ ಗೇರ್ ಹಾಕ್ತಾ ಇದ್ದೀಯ ಅಂದೆ’ ಎಂದರು.